ಅಂಗಳದಲ್ಲಿ ಮಲಗಿದವರು

ತೆಪಾಯೆರು ಚರ್ಚಿನಿಂದ ಬಂದು ಗೇಟು ತೆರೆದಾಗ, ನಿನ್ನೆ ಬಂದಿಳಿದ ಅತಿಥಿಯ ಮಗು ಅವಳ ಗಂಡನ ಗೋರಿಯ ಮೇಲೆ ನಿದ್ದೆಹೋಗಿತ್ತು.

ಮೂರು ವರ್ಷದ ಹುಡುಗಿ. ಒಂದು ಕೈ ಕೆನ್ನೆಯ ಅಡಿಯಲ್ಲಿ, ಇನ್ನೊಂದು ಗೋರಿಯಂಚಿನಿಂದ ಕೆಳಗೆ ಇಳಿಬಿದ್ದಿತ್ತು. ಮಗುವಿನ ತಪ್ಪೇನೂ ಇರಲಿಲ್ಲ. ಗೋರಿಯ ಮೇಲೆ ದಾಸವಾಳದ ಕಸೂತಿಯ ಹೊದಿಕೆ ಹಾಸಿ, ಎರಡು ದಿಂಬು ಇಟ್ಟು, ಅದು ಗೋರಿಯೆಂದು ತಿಳಿಯದಂತೆ ಮಾಡಿದ್ದವಳು ತೆಪಾಯೆರುವಿನ ಮಗಳು ಮೊಯೆರೋವಾ.

ಐತುತಾಕಿ ದ್ವೀಪದ ಬೇರೆ ಮನೆಗಳ ಹಾಗೆ ಇವರ ಮನೆಯಲ್ಲೂ ತೀರಿಕೊಂಡವರು ಅಂಗಳದಲ್ಲೇ, ಬಾಗಿಲಿಗೆ ಎದುರಾಗಿ, ತಗಡಿನ ಮಾಡಿನ ಕೆಳಗೆ ಮಲಗಿದ್ದರು. ಹಿಂದಿನ ತಿಂಗಳು ಇವರ ಬಾಡಿಗೆ ಕೋಣೆಗೆ ಬಂದ ದಂಪತಿಗಳು ಕಿಟಕಿ ತೆರೆದು ಅದನ್ನು ನೋಡಿದವರೇ ಪೆಟ್ಟಿಗೆ ಎತ್ತಿಕೊಂಡು ಬೇರೆ ವಸತಿಗೃಹಕ್ಕೆ ಹೊರಟುಹೋದರು. "ಬದುಕಿದ್ದಾಗ ಅಪ್ಪ ಮೀನು ಸುಟ್ಟುಕೊಟ್ಟು ಗಿರಾಕಿಗಳನ್ನ ಕಟ್ಟಿಹಾಕ್ತಿದ್ರು. ಈಗ ಮಲಗಿದಲ್ಲಿಂದಲೇ ಓಡಿಸ್ತಿದಾರೆ" ಎಂದಿದ್ದಳು ಮೊಯೆರೋವಾ. ಗೋರಿಗೆ ಅಡ್ಡವಾಗಿ ಆಳೆತ್ತರದ ಗೋಡೆ ಕಟ್ಟಿಸಬೇಕೆಂಬುದು ಅವಳ ಹಟ. ಗೋಡೆ ಎದ್ದರೆ ತೆಪಾಯೆರುವಿನ ಮಂಚದಿಂದಲೂ ಗಂಡ ಕಾಣುವುದಿಲ್ಲ. ವಾದಿಸಿ ದಣಿದು ತಾಯಿ ಕಡೆಗೆ ಒಪ್ಪಿದ್ದಳು: ಈ ಅತಿಥಿಯೂ ಹೊರಟುಹೋದರೆ ಕಟ್ಟಿಸು, ಉಳಿದರೆ ಮತ್ತೆ ಆ ಮಾತು ಎತ್ತಬೇಡ.

ಅತಿಥಿಗಳ ಮೇಲೆ ಅವಳಿಗೆ ಮುನಿಸಿರಲಿಲ್ಲ. ಕೊಬ್ಬರಿ ಒಣಹಾಕಿದ ಹಾಗೆ ಮರಳಿನ ಮೇಲೆ ಸಾಲಾಗಿ ಮಲಗುವ ಆ ಜನರನ್ನು ನೋಡಿದರೆ ಅವಳಿಗೆ ನಗು ಬರುತ್ತಿತ್ತು. ಆದರೆ ಚಂಡಮಾರುತ ಹಾರಿಸಿಕೊಂಡು ಹೋದ ಮನೆಯ ಮಾಡನ್ನು ಮತ್ತೆ ಹೊದಿಸಿದ್ದು ಅವರು ಕೊಟ್ಟ ಬಾಡಿಗೆ. ಗಂಡ ತೆಯಾರಿಕಿಯ ಕಡೆಯ ಕಾಯಿಲೆಯಲ್ಲಿ ಅವನನ್ನು ವಿಮಾನದಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದದ್ದೂ ಅದೇ. ಈ ಬೆಳಗಿನ ಪ್ರಾರ್ಥನೆಯಲ್ಲೂ ಅವಳು ಅವರನ್ನು ದೇವರ ಮುಂದೆ ನೆನೆದಿದ್ದಳು; ಹೆಸರು ಮರೆತವರನ್ನು ಅವರ ಊರಿನ ಹೆಸರಿನಿಂದ.

ಮೊಯೆರೋವಾ ಅಡಿಗೆಮನೆಯಿಂದ ಓಡಿಬಂದಳು. ಕೈತುಂಬ ತೆಂಗಿನ ಹಾಲು ಮೆತ್ತಿತ್ತು.

"ಅಮ್ಮಾ, ಎತ್ತು ಅದನ್ನ, ಬೇಗ. ಅವರಮ್ಮ ಸ್ನಾನಕ್ಕೆ ಹೋಗಿದಾರೆ."

"ಎತ್ತಿದ್ರೆ ಅಳುತ್ತೆ. ರಾತ್ರಿಯೆಲ್ಲ ಸೆಕೆಗೆ ಒದ್ದಾಡಿದ್ದು ನೀನೂ ಕೇಳಿದೀಯಲ್ಲ. ಈ ಮನೇಲಿ ತಂಪು ಜಾಗ ಯಾವುದು ಅಂತ ಅದು ಹುಡುಕ್ಕೊಂಡಿದೆ."

"ಹಾಗಾದ್ರೆ ಅವರು ಕೇಳಿದ್ರೆ, ಕೂತ್ಕೊಳ್ಳೋ ಕಟ್ಟೆ ಅಂತ ಹೇಳು."

"ಈಗತಾನೇ ದೇವರ ಮುಂದೆ ಕೂತು ಬಂದಿದೀನಿ. ಭಾನುವಾರ ಬೇರೆ."

"ಸೋಮವಾರ ಆಗಿದ್ರೆ ಹೇಳ್ತಿದ್ಯಾ?"

"ಸೋಮವಾರ ಆಗಿದ್ರೆ ನೀನೇ ಹೇಳ್ತಿದ್ದೆ."

ತೆಪಾಯೆರು ತಲೆಯ ಮೇಲಿನ ತೆಂಗಿನ ಗರಿಯ ಟೋಪಿಯನ್ನು ತೆಗೆದು, ಅದರಿಂದಲೇ ಮಗುವಿಗೆ ಗಾಳಿ ಹಾಕತೊಡಗಿದಳು. ಬೆವೆತ ಹಣೆಗೆ ಅಂಟಿದ್ದ ಕೂದಲು ಒಂದೊಂದಾಗಿ ಬಿಡಿಸಿಕೊಂಡಿತು.

ಸ್ನಾನದ ಮನೆಯ ಬಾಗಿಲು ತೆರೆಯಿತು. ಆಕ್ಲೆಂಡಿನಿಂದ ಬಂದಿದ್ದ ಬ್ರಿಜಿಟ್ ಒದ್ದೆಕೂದಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಮಗುವನ್ನು ಕಂಡು ಅಲ್ಲೇ ನಿಂತು ದೊಡ್ಡ ಉಸಿರು ಬಿಟ್ಟಳು.

"ಅಬ್ಬ, ಮಲಗಿದಾಳೆ. ಊರು ಬಿಟ್ಟಾಗಿಂದ ಇವಳು ಕಣ್ಣು ಮುಚ್ಚಿರ್ಲಿಲ್ಲ." ಮತ್ತೆ ದನಿ ತಗ್ಗಿಸಿ, "ಈ ಮಂಚ ಎಷ್ಟು ತಣ್ಣಗಿದೆ. ನಮ್ಮ ಕೋಣೆಗೂ ಇಂಥದ್ದೊಂದು ಹಾಕಿಸಿ" ಎಂದಳು.

ಮೊಯೆರೋವಾ ನೆಲ ನೋಡಿದಳು.

"ಇದು ಮಂಚ ಅಲ್ಲಮ್ಮ" ಎಂದಳು ತೆಪಾಯೆರು. ಹೊದಿಕೆಯ ತಲೆಯ ಕಡೆಯ ಅಂಚನ್ನು ಮಡಚಿದಳು. ಕೆಳಗೆ ಬಿಳಿಯ ಕಲ್ಲು, ಅದರಲ್ಲಿ ಕೊರೆದ ಹೆಸರು. "ಇವರು ನಮ್ಮ ಯಜಮಾನರು. ಹೋದ ವರ್ಷ ತೀರಿಕೊಂಡ್ರು. ನೀವು ಹೆದರಬಾರದು ಅಂತ ಮುಚ್ಚಿದ್ವಿ."

ಬ್ರಿಜಿಟ್ ಹೆಸರನ್ನು ಓದಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ಬೇರೆ ಕಡೆ ಕೋಣೆ ಬೇಕಿದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ" ಎಂದಳು ಮೊಯೆರೋವಾ ಮೆಲ್ಲಗೆ. "ಕಾರೂ ತರಿಸ್ತೀನಿ."

ಟೋಪಿಯ ಗಾಳಿ ನಿಂತಿತ್ತು. ಗಾಳಿ ತಪ್ಪಿದ ಮಗು ಕೊಂಚ ನರಳಿ, ಮಗ್ಗುಲು ಬದಲಿಸಿ, ಕಲ್ಲಿಗೆ ಕೆನ್ನೆ ಒತ್ತಿಕೊಂಡಿತು. ಅದರ ಉಸಿರು ಮತ್ತೆ ಸಮನಾಗುವವರೆಗೂ ತಾಯಿ ನೋಡುತ್ತ ನಿಂತಳು.

"ಎತ್ತಿದ್ರೆ ಎದ್ದುಬಿಡ್ತಾಳೆ" ಎಂದಳು ಕಡೆಗೆ. "ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ರೆ ಅವರಿಗೆ ತೊಂದರೆ ಆಗುತ್ತಾ?"

ತೆಪಾಯೆರು ದೇವರಿಗೆ ಹೇಳಬೇಕಾದದ್ದನ್ನು ಮೊದಲು ಮನಸ್ಸಿನಲ್ಲೇ ಹೇಳಿ ಮುಗಿಸಿದಳು.

"ತೊಂದರೆ ಏನಮ್ಮ? ಈ ಬೀದಿಯ ಮಕ್ಕಳೆಲ್ಲ ಇವರ ಎದೆ ಮೇಲೆ ಮಲಗಿ ಬೆಳೆದವು. ಇಗೋ, ಇವಳನ್ನೇ ಕೇಳಿ. ಆರು ವರ್ಷ ಆದ್ರೂ ಕೆಳಗೆ ಇಳೀತಿರ್ಲಿಲ್ಲ."

"ಅಮ್ಮ, ಸಾಕು" ಎಂದ ಮೊಯೆರೋವಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿದಳು. ತೆಂಗಿನ ಹಾಲು ಕೆನ್ನೆಗೆಲ್ಲ ಮೆತ್ತಿಕೊಂಡಿತು.

"ನಾವು ಇನ್ನೂ ಒಂದು ವಾರ ಇರ್ತೀವಲ್ಲ" ಎಂದಳು ಬ್ರಿಜಿಟ್. "ದಿನಾ ಮಧ್ಯಾಹ್ನ ಇಲ್ಲೇ ಮಲಗಿಸ್ತೀನಿ, ಅವರು ಬೇಡ ಅನ್ನದಿದ್ರೆ."

ಚಪ್ಪಲಿಯನ್ನು ಮಾಡಿನ ಹೊರಗೆ ಬಿಟ್ಟು ಬಂದು ಅವಳು ಮಗುವಿನ ಕಾಲ ಬಳಿ ಅಂಚಿನಲ್ಲಿ ಕೂತಳು. ಪೂರ್ತಿ ಭಾರ ಬಿಡದೆ, ನಿದ್ದೆಯಲ್ಲಿರುವ ಹಿರಿಯರ ಹಾಸಿಗೆಯ ಮೇಲೆ ಕೂರುವ ಹಾಗೆ.