ಅಜ್ಜಿಯ ಬಚ್ಚಲುಮನೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನಾನು ಗೋಡೆಯಿಂದ ದೂರ ಸರಿದು ನಿಲ್ಲುತ್ತೇನೆ.

ಹಿಂದೂಪುರದ ನಮ್ಮ ಹಿತ್ತಲಲ್ಲಿ ಅಜ್ಜಿಗೆಂದು ಬಚ್ಚಲುಮನೆ ಕಟ್ಟಿಸಿದ್ದೆವು. ಕಲ್ಯಾಣದುರ್ಗದ ಕಾಂಟ್ರಾಕ್ಟರ್ ಪಾಯವನ್ನೇ ಸರಿಯಾಗಿ ತೋಡಿಸಿರಲಿಲ್ಲ. ಅಮ್ಮ ಕೇಳಿದರೆ, "ಏಂ ಕಾದಮ್ಮಾ, ಏನೂ ಆಗಾಕಿಲ್ಲ, ಆನೆ ಒರಗಿದ್ರೂ ಅಲ್ಲಾಡಾಕಿಲ್ಲ," ಎಂದಿದ್ದ.

ಅಜ್ಜಿ ಅಲ್ಲಿ ಮೊದಲ ಸಲ ಸ್ನಾನಕ್ಕೆ ಕೂತ ಮಧ್ಯಾಹ್ನ, ಗೋಡೆಯ ಬುಡದಿಂದ ಕೆಸರುನೀರು ಒಸರಿತು. ಗೋಡೆ ಮೆಲ್ಲಗೆ ಹೊರಕ್ಕೆ ವಾಲಿತು. ಅಮ್ಮ ಓಡಿಹೋಗಿ ಅದಕ್ಕೆ ಬೆನ್ನು ಕೊಟ್ಟು ನಿಂತು, ಏನೂ ಆಗದವಳಂತೆ ಕರೆದಳು:

"ಅತ್ತೇ, ಯಾರೋ ಬಂದವ್ರೆ, ಈಚೆಗೆ ಬನ್ನಿ."

"ಬತ್ತೀನಿ ಕಣಮ್ಮ, ಸೋಪು ತೊಳ್ಕಂಬುಟ್ಟು."

ಅಮ್ಮ ನನಗೆ ಕಣ್ಸನ್ನೆ ಮಾಡಿದಳು. ನಾನು ಒಳನುಗ್ಗಿ, ನೊರೆಯಲ್ಲಿ ಜಾರುತ್ತಿದ್ದ ಅಜ್ಜಿಯ ಕೈ ಹಿಡಿದು ಎಳೆತಂದೆ. ಅಮ್ಮ ಪಕ್ಕಕ್ಕೆ ಹಾರಿದಳು. ಗೋಡೆ ಮೇಲೆ ಹೊದಿಸಿದ್ದ ತಗಡಿನ ಸಮೇತ ಕುಸಿಯಿತು.

ಸಂಜೆ ಬಂದ ಕಾಂಟ್ರಾಕ್ಟರ್ ಇಟ್ಟಿಗೆಯ ಗುಡ್ಡೆ ನೋಡಿ, "ಅಷ್ಟು ನೀರ್ ಯಾಕಮ್ಮಾ ಹುಯ್ದ್ರಿ?" ಎಂದ.