ಅಡವಿಟ್ಟ ಗುರುತು

ಚನ್ನವೀರ ಖಾನಾವಳಿಯಲ್ಲಿ ಊಟಕ್ಕೆ ಕೂತಾಗಲೇ ದಲ್ಲಾಳಿ ಕಚೇರಿಯ ಫೋನು ಬಂತು.

"ಸಾಹೇಬ್ರ, ನಿಮ್ಮ ಶೇರು ಮತ್ತ ಇಳದೈತ್ರಿ. ಇಟ್ಟ ಅಡವು ಕಡಿಮಿ ಬಿತ್ತು. ಮೂರೂವರಿ ಒಳಗ ಇನ್ನೊಬ್ಬರನ್ನ ಕೊಡ್ರಿ. ಇಲ್ಲಾಂದ್ರ ಎಲ್ಲಾ ಶೇರು ಮಾರತೇವಿ, ಮ್ಯಾಲೆ ಸಾಲಾನೂ ಉಳೀತೈತಿ."

ಶೇರು ಕೊಳ್ಳುವ ಸಾಲಕ್ಕೆ ಹೊಲ ಮನೆ ಬರೆದುಕೊಡುತ್ತಿದ್ದ ಕಾಲ ಹೋಗಿತ್ತು. ಈಗ ಅಡವಿಡುವುದು ಗುರುತಿನವರನ್ನು. ಬೆಲೆ ಇಳಿದಾಗಲೆಲ್ಲ ಒಂದು ಹೆಸರು ಹೇಳಬೇಕು, ಆ ಕ್ಷಣದಿಂದ ಅವರಿಗೆ ನಿಮ್ಮ ಗುರುತೇ ಇರುವುದಿಲ್ಲ, ನೀವು ಯಾರೋ. ಕೊಟ್ಟ ಗುರುತು ಮತ್ತೆ ಬರುವುದಿಲ್ಲ. ಮಾರ್ಚಿನಲ್ಲಿ ಚನ್ನವೀರನ ಓಣಿಯವರು ಹೋದರು, ಏಪ್ರಿಲಿನಲ್ಲಿ ಗೆಳೆಯರು. ಕಳೆದ ವಾರ ತಂಗಿ ಫೋನೆತ್ತಿ, "ಯಾರ್ರೀ ಮಾತಾಡೋದು?" ಎಂದಿದ್ದಳು. ಉಳಿದದ್ದು ಖಾನಾವಳಿಯ ನೀಲವ್ವ ಒಬ್ಬಳೇ.

"ಒಂದ ದಿನ ತಡೀರಿ. ನಾಳೆ ಏರ್ತೈತಿ."

"ಪ್ರತಿ ಸಲ ಹಿಂಗ ಅಂತೀರಿ, ಸಾಹೇಬ್ರ."

ಚನ್ನವೀರ ಅಡುಗೆಮನೆಯತ್ತ ಒಮ್ಮೆ ನೋಡಿ, ಮೆಲ್ಲಗೆ ಹೆಸರು ಹೇಳಿದ.

ನೀಲವ್ವ ಬಿಸಿ ರೊಟ್ಟಿ ಹಿಡಿದು ಬಂದಳು. ಹನ್ನೊಂದು ವರ್ಷ ಅವನ ಹೊಟ್ಟೆಹುಣ್ಣು ನೆನಪಿಟ್ಟು ಸಪ್ಪೆ ಪಲ್ಯ ಬೇರೆ ತೆಗೆದಿಡುತ್ತಿದ್ದವಳು, ಇಂದು ಎಲ್ಲರಿಗೆ ಬಡಿಸಿದಂತೆ ಅವನ ತಟ್ಟೆಗೂ ಕೆಂಪು ಚಟ್ನಿ ಹಾಕಿದಳು. ಅವನು ರೊಟ್ಟಿ ಮುರಿದು ಚಟ್ನಿಗೆ ಅದ್ದಿದ. ಎರಡನೇ ತುತ್ತಿಗೇ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಫೋನಿನಲ್ಲಿ ಶೇರು ನಾಲ್ಕು ರೂಪಾಯಿ ಏರಿತ್ತು.

ನೀಲವ್ವ ನೀರಿನ ತಂಬಿಗೆ ಮುಂದಿಟ್ಟಳು. "ನಮ್ಮ ಖಾರ ಹೊಸಾದೇನ್ರಿ ನಿಮಗ?"

"ಹೌದ್ರಿ ಅಕ್ಕಾರ," ಎಂದ ಚನ್ನವೀರ. "ಇದ ಮೊದಲ್ನೇ ಸಲ."