ಪೇಟೆ ಏರಿದ ದಿನದ ಸೂರ್ಯ

ಜುಬೇದಾ ಬಿಸಿನೀರಿನ ಬೇಸಿನ್ನಿನಿಂದ ರೇಷ್ಮೆಗೂಡು ಎತ್ತಿ ಎಳೆ ಹುಡುಕುತ್ತಲೇ ಕಿಟಕಿಯತ್ತ ನೋಡಿದಳು. ಸೂರ್ಯ ಇನ್ನೂ ಬಂಡೆಬೆಟ್ಟದ ನೆತ್ತಿಯ ಮೇಲೇ ಕುಳಿತಿದ್ದ. ಷೇರುಪೇಟೆ ಏರಿದ ದಿನ ಅವನು ಇಳಿಯುವುದು ತಡ. ಇವತ್ತು ಪೇಟೆ ಚೆನ್ನಾಗಿಯೇ ಏರಿತ್ತು. ಪಾಳಿ ಸೂರ್ಯ ಮುಳುಗುವವರೆಗೆ, ರಂಜಾನಿನ ಉಪವಾಸವೂ ಅಲ್ಲಿಯವರೆಗೆ. ನಸುಕಿನಿಂದ ಅವಳು ಒಂದು ಹನಿ ನೀರು ಕುಡಿದಿರಲಿಲ್ಲ. ಕೈ ಮಾತ್ರ ದಿನವಿಡೀ ನೀರಿನಲ್ಲೇ ಇತ್ತು.

ಮೇಸ್ತ್ರಿ ಮರಿಗೌಡ ಪೇಡದ ಡಬ್ಬಿ ಹಿಡಿದು ಬಂದ.

“ಮೊಕ ಯಾಕ್ ಹಂಗ್ ಮಾಡ್ಕೊಂಡಿದ್ದೀಯ ಜುಬೇದಕ್ಕ? ಪೇಟೆ ಏರಿದ್ರೆ ನಿಂಗೂ ಲಾಭ್ವೇ ಅಲ್ವಾ? ಸಾಹುಕಾರ್ರು ಎಲ್ಲಾರ್ಗೂ ಒಂದೊಂದು ಷೇರು ಕೊಟ್ಟವ್ರೆ.”

“ನಂದು ಮಾರ್ಬುಟ್ರೆ ಹೊತ್ತು ಮುಳುಗ್ತದಾ ಅಣ್ಣ?”

ಮರಿಗೌಡ ನಿಜವಾಗಿಯೂ ಯೋಚಿಸಿದ.

“ಒಂದು ಷೇರಿಗೆಲ್ಲಾ ಅವನು ಅಲ್ಲಾಡಾಕಿಲ್ಲ. ಸಾಹುಕಾರ್ರು ಮಾರಿದ್ರೆ ಮುಳುಗ್ತಾನೆ. ಅವ್ರು ತಾರಸಿ ಮ್ಯಾಲೆ ಮಕ್ಕಳ ಜೊತೆ ಗಾಳಿಪಟ ಬಿಡ್ತಾವ್ರೆ.”

“ಅವ್ರ ಪಟ ಹರಿದೋಗ್ಲಿ,” ಎಂದಳು ಪಕ್ಕದ ಬೇಸಿನ್ನಿನ ಸಾಕವ್ವ, ಕೈ ನಿಲ್ಲಿಸದೆ.

ಮರಿಗೌಡ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದ. ಕೋಣೆ ಕತ್ತಲಾಯಿತು. ಅವನು ಜುಬೇದಾಳ ಬಳಿ ಬಂದು ಡಬ್ಬಿ ತೆರೆದ.

“ತಕ್ಕೊಳಕ್ಕ. ಹೊತ್ತು ಮುಳುಗ್ತು ಅನ್ಕೊಂಡು ತಿನ್ನು.”

“ಹಂಗಾದ್ರೆ ಪಾಳಿನೂ ಮುಗೀತಾ?”

“ಅದೆಂಗಾಯ್ತದೆ? ಪಾಳಿ ಹೊರಗಿನ ಸೂರ್ಯಂದು.”

ಜುಬೇದಾ ಕತ್ತಲಲ್ಲೇ ಬೆರಳಾಡಿಸಿ ಮುಂದಿನ ಗೂಡಿನ ಎಳೆ ಹಿಡಿದಳು.

“ನನ್ನ ಉಪಾಸನೂ ಅವನ್ದೇ ಅಣ್ಣ. ಬ್ಯಾಡ.”